ಟಿವಿ ಇನ್ನೂ ಜಗಲಿಯಲ್ಲೇ ಇದೆ, ಸ್ವಾಮೀ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ನಮ್ಮ ಪಂಚಾಯತಿನ ಇ-ತ್ಯಾಜ್ಯ (ಹಾಳಾದ ಎಲೆಕ್ಟ್ರಾನಿಕ್ ಸಾಮಾನು) ಜಾಗೃತಿ ಕಾರ್ಯಕ್ರಮ ಭಾರೀ ಯಶಸ್ವಿಯಾಯಿತು ಅಂತ ನಿನ್ನೆಯ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಫೋಟೋ ಕೂಡ ಚೆನ್ನಾಗಿ ಬಂದಿದೆ. ದೀಪ ಒಂದು, ಬೆಳಗುವ ಕೈಗಳು ಏಳು. ವರದಿ ಬರೆದವರು ದೀಪ ಹಚ್ಚಿದ ಕೂಡಲೇ ಹೊರಟಿರಬೇಕು. ನಾನು ಕೊನೆಯವರೆಗೂ ಅಲ್ಲೇ ಇದ್ದೆ.

ವರದಿಯ ಕೊನೆಗೆ, ಅಡಿಕೆ ಸಿಪ್ಪೆಯಿಂದ ಮೊಬೈಲ್ ತಯಾರಿಸುವ ಸಂಶೋಧನಾ ವಿದ್ಯಾರ್ಥಿನಿ ಮಾತನಾಡಿದರು ಅಂತ ಒಂದು ಸಾಲು ಹಾಕಿದ್ದೀರಿ. ಅವಳು ನನ್ನ ತಮ್ಮನ ಮಗಳು. ಅವಳು ಮೊಬೈಲ್ ತಯಾರಿಸುವುದಿಲ್ಲ. ಮಾತನಾಡಿದ್ದೂ ಇಲ್ಲ. ಮಾತನಾಡುವುದಕ್ಕೆ ಬಿಟ್ಟರೆ ತಾನೇ? ಪಿಎಚ್.ಡಿ. ಕೆಲಸ ಬಿಟ್ಟು, ರಾತ್ರಿ ರೈಲಿನಲ್ಲಿ ನಿಂತುಕೊಂಡೇ ಊರಿಗೆ ಬಂದಿದ್ದಳು. ನಮ್ಮವರೇ ಕರೆದಿದ್ದಾರೆ, ಹೋಗದಿದ್ದರೆ ಹೇಗೆ ದೊಡ್ಡಪ್ಪ ಅಂತ ನನ್ನನ್ನೇ ಕೇಳಿದ್ದಳು.

ಕಾರ್ಯಕ್ರಮ ಹತ್ತು ಗಂಟೆಗೆ ಅಂತ ಆಮಂತ್ರಣದಲ್ಲಿತ್ತು. ಮುಖ್ಯ ಅತಿಥಿಗಳು ಬರುವಾಗ ಹನ್ನೆರಡೂವರೆ ದಾಟಿತ್ತು. ಹೆದ್ದಾರಿ ಕೆಲಸದಲ್ಲಿ ಸಿಕ್ಕಿಬಿದ್ದೆವು ಅಂದರು. ನಾವು ಸಾಮಾನ್ಯರು ಮಾತ್ರ ವಿಮಾನದಲ್ಲಿ ಬಂದದ್ದು ನೋಡಿ! ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಶಾಲು, ಸ್ಮರಣಿಕೆ. ಸ್ಮರಣಿಕೆ ಪ್ಲಾಸ್ಟಿಕಿನದು. ಹಿಂದಿನ ಬ್ಯಾನರು ಫ್ಲೆಕ್ಸು. ಮೇಜಿನ ಮೇಲೆ ಸಾಲಾಗಿ ಬಾಟಲಿ ನೀರು. ತ್ಯಾಜ್ಯದ ಬಗ್ಗೆ ಜಾಗೃತಿ ಮೂಡಿಸುವುದಕ್ಕೆ ಮೊದಲು ಸ್ವಲ್ಪ ತ್ಯಾಜ್ಯ ಬೇಕಲ್ಲವೇ, ಅದಕ್ಕಿರಬೇಕು.

ಹುಡುಗಿಯ ಸರದಿ ಬರುವಾಗ ಅಡುಗೆಮನೆಯಿಂದ ಸಾಂಬಾರಿನ ಪರಿಮಳ ಬರುತ್ತಿತ್ತು. ಐದು ನಿಮಿಷದಲ್ಲಿ ಮುಗಿಸಿ, ಊಟ ತಣ್ಣಗಾಗುತ್ತದೆ ಅಂದರು. ಅವಳು ಎರಡು ವಾಕ್ಯ ಹೇಳಿದಳೋ ಇಲ್ಲವೋ, ಹೊರಗಿನಿಂದ ಬಂದ ಅಧಿಕಾರಿಯೊಬ್ಬರು ಮಲಯಾಳದಲ್ಲಿ ಹೇಳಲಿ ಅಂದರು. ಎದುರಿಗೆ ಕೂತ ಹೆಂಗಸರೆಲ್ಲ ತುಳು, ಕನ್ನಡದವರು. ಅವಳು ಎರಡೂ ಭಾಷೆಯಲ್ಲಿ ಹೇಳುತ್ತೇನೆ ಅಂತ ಒಪ್ಪಿ ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ಮೈಕು ಸತ್ತಿತು. ಧನ್ಯವಾದ ಹೇಳುವವರಿಗೆ ಮಾತ್ರ ಮೈಕು ಬೇಕಾಗಲಿಲ್ಲ, ಅವರ ಗಂಟಲು ಅಂಥದ್ದು.

ಅವಳು ಹೇಳಬೇಕಾಗಿದ್ದದ್ದನ್ನು ನಾನೇ ಹೇಳುತ್ತೇನೆ. ಹಿಂದಿನ ರಾತ್ರಿ ಚಾವಡಿಯಲ್ಲಿ ಕೂರಿಸಿ ಇಡೀ ಭಾಷಣ ನನಗೆ ಒಪ್ಪಿಸಿದ್ದಳು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ ಅಂತ ನಾವೆಲ್ಲ ಶಾಲೆಯಲ್ಲಿ ಕಲಿತದ್ದು. 1977ರಲ್ಲಿ ಹೀಗರ್, ಮ್ಯಾಕ್‌ಡಯರ್ಮಿಡ್, ಶಿರಾಕಾವಾ ಎಂಬ ಮೂವರು ವಿಜ್ಞಾನಿಗಳು ಪಾಲಿಅಸಿಟಿಲೀನ್ ಎಂಬ ಪಾಲಿಮರಿಗೆ, ಅಂದರೆ ಪ್ಲಾಸ್ಟಿಕ್ ಜಾತಿಯ ವಸ್ತುವಿಗೆ, ಅಯೋಡಿನ್ ತಾಗಿಸಿ, ಕರೆಂಟು ಹರಿಯುತ್ತದೆ ಅಂತ ತೋರಿಸಿದರು. 2000ದಲ್ಲಿ ಅವರಿಗೆ ನೊಬೆಲ್ ಬಂತು. ಹೀಗೆ ಇಂಗಾಲದ ಅಣುಗಳಿಂದ ಮಾಡುವ ಸರ್ಕಿಟ್, ಪರದೆ, ಸೋಲಾರ್ ಹಾಳೆಗಳಿಗೆಲ್ಲ ಆರ್ಗ್ಯಾನಿಕ್ ಎಲೆಕ್ಟ್ರಾನಿಕ್ಸ್ ಅಂತ ಹೆಸರು. ವೇದಿಕೆಯ ಮೇಲೆ ಕೂತು ವಾಟ್ಸಾಪ್ ನೋಡುತ್ತಿದ್ದರಲ್ಲ, ಅವರ ದುಬಾರಿ ಫೋನಿನ ಓಎಲ್‌ಇಡಿ ಪರದೆಯೂ ಇದೇ ಜಾತಿಯದು. ತಮ್ಮ ಕೈಯಲ್ಲಿರುವುದರ ಬಗ್ಗೆಯೇ ಹುಡುಗಿ ಹೇಳಲು ಹೊರಟಿದ್ದಳು ಅಂತ ಅವರಿಗೆ ಗೊತ್ತೇ ಆಗಲಿಲ್ಲ.

ಆದರೆ ಇದರಲ್ಲೂ ಕಷ್ಟ ಉಂಟು. ಸರ್ಕಿಟ್ ಕೂರಿಸುವ ಅಡಿಯ ಹಾಳೆ ಹೆಚ್ಚಾಗಿ ಪೆಟ್ರೋಲಿಯಂನಿಂದ ಬಂದ ಪ್ಲಾಸ್ಟಿಕ್. ಪಾಲಿಮರು ಕರಗಿಸುವುದಕ್ಕೆ ಕ್ಲೋರೋಬೆಂಜೀನಿನಂಥ ವಿಷದ ದ್ರಾವಕ. ಪಾರದರ್ಶಕ ಪದರಕ್ಕೆ ಇಂಡಿಯಂ ಎಂಬ ಅಪರೂಪದ ಲೋಹ. ಇವುಗಳ ಬದಲಿಗೆ ಮಣ್ಣಿಗೆ ತೊಂದರೆ ಮಾಡದ್ದು ಏನಾದರೂ ಸಿಗುತ್ತದಾ ಅಂತ ಹುಡುಕುವುದೇ ಅವಳ ಪಿಎಚ್.ಡಿ. ಅಡಿಕೆ ಸಿಪ್ಪೆಯಲ್ಲಿ ಸೆಲ್ಯುಲೋಸ್, ಅಂದರೆ ಗಿಡಮರಗಳ ನಾರಿನ ವಸ್ತು, ಇದೆ. ಅದನ್ನು ಬೇರ್ಪಡಿಸಿ, ತೆಳುವಾದ ಹಾಳೆ ಮಾಡಿ, ಅದರ ಮೇಲೆ ಸರ್ಕಿಟ್ ಮುದ್ರಿಸಲಿಕ್ಕೆ ನೋಡುತ್ತಾಳೆ. ಗೇರುಬೀಜದ ಸಿಪ್ಪೆಯ ಎಣ್ಣೆ, ನಾವು ಮರಕ್ಕೆ ಗೆದ್ದಲು ಹಿಡಿಯದಿರಲಿ ಅಂತ ಬಳಿಯುತ್ತೇವಲ್ಲ, ಅದರಲ್ಲಿ ಕಾರ್ಡನಾಲ್ ಎಂಬ ರಾಸಾಯನಿಕ ಇದೆಯಂತೆ. ಅದನ್ನೂ ಪರೀಕ್ಷೆ ಮಾಡುತ್ತಿದ್ದಾಳೆ. ಇಷ್ಟಕ್ಕೆ ನೀವು ಮೊಬೈಲ್ ಅಂದುಬಿಟ್ಟಿರಿ. ಈಗ ದಾರಿಯಲ್ಲಿ ಸಿಕ್ಕವರೆಲ್ಲ ರೇಟು ಎಷ್ಟು ಅಂತ ಕೇಳುತ್ತಾರೆ.

ಇದೆಲ್ಲ ಫಾರಿನ್ನಿನಲ್ಲಿ ಆಗುವುದು, ಇಲ್ಲಿ ಎಲ್ಲಿಂದ ಅಂತ ಒಬ್ಬರು ಊಟದ ಪಂಕ್ತಿಯಲ್ಲಿ ನಕ್ಕರು. ಹೌದು, ಫಾರಿನ್ನಿನಲ್ಲೂ ಆಗುತ್ತದೆ. ಆಸ್ಟ್ರಿಯಾದ ಲಿಂಜ್ ಎಂಬಲ್ಲಿ ಏನಿಟ್ಟುಕೊಂಡು ಮಾಡಿದರು ಗೊತ್ತುಂಟಾ? ನಮ್ಮ ನೀಲಿ ಬಣ್ಣ, ಇಂಡಿಗೋ. ಅದರಿಂದ ಟ್ರಾನ್ಸಿಸ್ಟರ್, ಅಂದರೆ ಸರ್ಕಿಟ್ಟಿನೊಳಗಿನ ಪುಟ್ಟ ಸ್ವಿಚ್ಚು, ಮಾಡಿ 2012ರಲ್ಲಿ ಪ್ರಕಟಿಸಿದರು. ಅರಗನ್ನೂ ಅಲ್ಲಿ ಬಳಸಿದ್ದಾರೆ. ಅಮೆರಿಕದ ಸ್ಟ್ಯಾನ್‌ಫೋರ್ಡಿನಲ್ಲಿ ಝೆನಾನ್ ಬಾವ್ ಅವರ ತಂಡ 2017ರಲ್ಲಿ ಸೆಲ್ಯುಲೋಸ್ ಹಾಳೆಯ ಮೇಲೆ ಸರ್ಕಿಟ್ ಮಾಡಿತು. ತುಸು ಹುಳಿ ಇರುವ ದ್ರಾವಣದಲ್ಲಿ ಸುಮಾರು 30 ದಿನದಲ್ಲಿ ಅದು ಕರಗಿಹೋಯಿತು. ಕೆಲಸ ಮಾಡುವಷ್ಟು ದಿನ ಗಟ್ಟಿ ಇರಬೇಕು, ಎಸೆದ ಮೇಲೆ ಕರಗಬೇಕು. ಕಷ್ಟ ಇರುವುದು ಅಲ್ಲೇ. ಗಾಳಿಯ ತೇವ ತಾಗಿದರೆ ಕರೆಂಟು ಹರಿಯುವ ಈ ಪದರಗಳು ಹಾಳಾಗುತ್ತವೆ, ಅದಕ್ಕೇ ನೈಟ್ರೋಜನ್ ತುಂಬಿದ ಪೆಟ್ಟಿಗೆಯೊಳಗೆ ಕೈ ತೂರಿಸಿ ಕೆಲಸ ಮಾಡಬೇಕಂತೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ನಮ್ಮ ಊರಲ್ಲಿ ಇದು ಬಾಳಬೇಕಾದರೆ ಇನ್ನೆಷ್ಟು ಕೆಲಸ ಬಾಕಿ ಇರಬಹುದು, ನೀವೇ ಯೋಚಿಸಿ. ಇದಕ್ಕೆ ಐದು ನಿಮಿಷ.

ಈಗ ನನ್ನ ಟಿವಿ ವಿಷಯ. ಹಳೆ ಎಲೆಕ್ಟ್ರಾನಿಕ್ ಸಾಮಾನು ತನ್ನಿ ಅಂತ ಎರಡು ದಿನ ಜೀಪಿನಲ್ಲಿ ಕೂಗಿಕೊಂಡು ಹೋಗಿದ್ದರು. ಆಟೋ ಬಾಡಿಗೆಗೆ ಹಿಡಿದು, ಸತ್ತ ಪಿಕ್ಚರ್ ಟ್ಯೂಬ್ ಟಿವಿ, ಮಿಕ್ಸಿ, ತಮ್ಮನ ಮನೆಯ ರೇಡಿಯೋ, ಎಲ್ಲ ಹೇರಿಕೊಂಡು ಹೋದೆ. ಟಿವಿ ಎತ್ತಿ ಸೊಂಟ ಹಿಡಿಯಿತು, ಇನ್ನೂ ಬಿಟ್ಟಿಲ್ಲ. ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಗೆ ಮಧ್ಯಾಹ್ನದ ತುಲಾ ಮಳೆ ಬಿತ್ತು. ಮನೆಯಲ್ಲಿ ಬೈಗುಳ ಬೇರೆ. ಅಲ್ಲಿ ರಿಜಿಸ್ಟರು ಹಿಡಿದು ಕೂತವರು, ಟಿವಿ ಪಟ್ಟಿಯಲ್ಲಿ ಇಲ್ಲ ಅಂದರು. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮದ ಪಟ್ಟಿಯಲ್ಲಿ ಟಿವಿ ಇದೆ ಅಂತ ಹುಡುಗಿ ಫೋನಿನಲ್ಲಿ ತೆರೆದು ತೋರಿಸಿದಳು. ಅದು ಆ ಪಟ್ಟಿ, ನಮ್ಮದು ಈ ಪಟ್ಟಿ ಅಂದರು. ಕೊನೆಗೆ, ಇಲ್ಲೇ ಜಗಲಿಯಲ್ಲಿಟ್ಟು ಹೋಗಿ, ನೋಡುವ ಅಂದರು. ಇವತ್ತು ಬೆಳಿಗ್ಗೆ ಹೋಗಿ ನೋಡಿದೆ. ಟಿವಿ ಹಾಗೇ ಇದೆ, ಮಳೆ ನೀರು ಅದರ ಮೇಲೆಯೇ ಬೀಳುತ್ತದೆ. ಆ ಗಾಜಿನಲ್ಲಿ ಸೀಸ ಇದೆ. ಪಕ್ಕದಲ್ಲೇ ಸಾರ್ವಜನಿಕ ಬಾವಿ. ಮಿಕ್ಸಿ ಮಾತ್ರ ಕಾಣಲಿಲ್ಲ, ಅದು ಯಾರಿಗೋ ಉಪಯೋಗಕ್ಕೆ ಬಂದಿರಬೇಕು.

2022ರಲ್ಲಿ ಪ್ರಪಂಚದಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಆಯಿತಂತೆ. ಲೆಕ್ಕ ಇಟ್ಟು ಮರುಬಳಕೆ ಮಾಡಿದ್ದು ಕಾಲು ಭಾಗಕ್ಕಿಂತ ಕಡಿಮೆ. ಉಳಿದದ್ದೆಲ್ಲ ಇಂಥ ಜಗಲಿಗಳಲ್ಲೇ ಇರಬೇಕು ಅಂತ ನನಗೀಗ ಅನಿಸುತ್ತದೆ. ತಿಂಗಳು ತಿಂಗಳು ಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುವ ಹರಿತ ಕರ್ಮ ಸೇನೆಯ ಹೆಂಗಸರನ್ನು ನಾನು ದೂರುವುದಿಲ್ಲ. ಅವರು ಪಾಪ, ಬಿಸಿಲಲ್ಲಿ ಗೋಣಿ ಹೊತ್ತು ನಡೆಯುತ್ತಾರೆ. ಅವರನ್ನಾದರೂ ವೇದಿಕೆಗೆ ಕರೆದಿದ್ದರಾ? ಇಲ್ಲ. ಅವರು ಊಟ ಬಡಿಸುತ್ತಿದ್ದರು.

ಪಟ್ಟಿಯಲ್ಲಿ ಇಲ್ಲ, ನೋಡುವ ಅಂತ ಮುಂದೆ ಹಾಕುವುದು ಈ ಜಿಲ್ಲೆಗೆ ಹೊಸತಲ್ಲ. ಇದೇ ಗೇರುಬೀಜದ ಹೆಸರಿನಲ್ಲಿ, ಸರಕಾರದ್ದೇ ಗೇರು ತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದು ನಿಂತದ್ದು 2000ದಲ್ಲಿ. ಆ ವಿಷದಿಂದ ನರಳಿದ ಪಡ್ರೆ ಎಂಬ ಊರಿನ ಮಕ್ಕಳ ಫೋಟೋ ಲೋಕವೆಲ್ಲ ನೋಡಿತು. 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಅಂದಿತು. ಕೊಟ್ಟರಾ? 2022ರಲ್ಲಿ ಅದೇ ಕೋರ್ಟು ಮತ್ತೆ ಸಿಟ್ಟಿನಿಂದ ಕೇಳಬೇಕಾಯಿತು. ಉಳಿದ ವಿಷದ ಡ್ರಮ್ಮುಗಳು ಎಷ್ಟೋ ವರ್ಷ ಗೋದಾಮುಗಳಲ್ಲೇ ಕೂತಿದ್ದವು. ಡ್ರಮ್ಮು ಒಯ್ಯುವುದಕ್ಕೆ ಅಷ್ಟು ವರ್ಷ ಹಿಡಿದವರು ನನ್ನ ಟಿವಿಯನ್ನು ನಾಳೆ ಒಯ್ಯುತ್ತಾರೆ ಅಂತ ನಂಬಲಿಕ್ಕೆ ನಾನೇನು ಮಗುವಾ?

ಇನ್ನು ಹುಡುಗಿಯ ಫೆಲೋಶಿಪ್. ಜೆಆರ್‌ಎಫ್ ಎಂಬ ಸಂಶೋಧನಾ ವಿದ್ಯಾರ್ಥಿವೇತನ ಸಿಕ್ಕಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಅಂತ ಕಾಗದದಲ್ಲಿ ಉಂಟು. ಬ್ಯಾಂಕಿಗೆ ಬರಬೇಕಲ್ಲ! ಯಾವ ಮೇಜಿನಲ್ಲಿ ಕೂತಿದೆಯೋ ದೇವರಿಗೇ ಗೊತ್ತು. ಅವಳ ರೈಲು ಚಾರ್ಜು ಕೊಟ್ಟದ್ದು ನಾನು. ಊರಿನ ಒಂದು ಕಚೇರಿಯಲ್ಲಿ ಅವಳ ಸರ್ಟಿಫಿಕೇಟೊಂದು ಸಹಿಗೆ ಅಂತ ಬಿದ್ದಿದೆ. ಸಹಿ ಹಾಕಬೇಕಾದವರು ಯಾವಾಗ ಹೋದರೂ ಮೀಟಿಂಗಿನಲ್ಲಿ. ಮೊನ್ನೆ ಅದೇ ಪುಣ್ಯಾತ್ಮರು ವೇದಿಕೆಯಲ್ಲಿ ಅವಳಿಗೆ ಶಾಲು ಹೊದಿಸಿ, ಇವಳು ನಮ್ಮ ನಾಡಿನ ಹೆಮ್ಮೆ ಅಂದರು. ಆ ಕೈಯಲ್ಲೇ ಒಂದು ಸಹಿ ಹಾಕಿದ್ದರೆ ಶಾಲಿನ ಖರ್ಚಾದರೂ ಉಳಿಯುತ್ತಿತ್ತು. ಸೆಕೆಗೆ ಶಾಲು ಯಾರಿಗೆ ಬೇಕು?

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಎಚ್ಚೆತ್ತುಕೊಳ್ಳಬೇಕು. ಜಗಲಿಯ ಟಿವಿಯನ್ನು ಒಯ್ಯಿರಿ, ಇಲ್ಲವೇ ಆಟೋ ಬಾಡಿಗೆ ಸಮೇತ ನನ್ನ ಮನೆಗೆ ವಾಪಸು ತಂದುಕೊಡಿ. ಹುಡುಗಿಗೆ ಮಾತನಾಡಲು ಇನ್ನೊಮ್ಮೆ ಸರಿಯಾಗಿ ಸಮಯ ಕೊಡಿ, ಇಲ್ಲದಿದ್ದರೆ ಇನ್ನು ಮುಂದೆ ಸುಮ್ನೆ ಕರೆದು ಅವಮಾನ ಮಾಡಬೇಡಿ. ನೀವೂ ಆ ಮೊಬೈಲಿನ ಸಾಲು ತಪ್ಪು ಅಂತ ಒಂದು ಮೂಲೆಯಲ್ಲಾದರೂ ಹಾಕಿ. ಯಾರಿಗೂ ಹೇಳುವವರು ಕೇಳುವವರು ಇಲ್ಲದ ಹಾಗಾಗಿದೆ. ಮತ್ತೆ, ಹೈಸ್ಕೂಲು ತಿರುವಿನ ಆ ಹೊಂಡವನ್ನೂ ಯಾರಾದರೂ ನೋಡಬೇಕು. ಆಟೋದವರು ಜಾಸ್ತಿ ಬಾಡಿಗೆ ಕೇಳುವುದು ಅದಕ್ಕೇ.

– ಒಬ್ಬ ಅಡಿಕೆ ಬೆಳೆಗಾರ, ಕಾಸರಗೋಡು ಜಿಲ್ಲೆ