ಮೇಕೆಯನ್ನು ವಾಪಸ್ ತರುವ ಹೆಜ್ಜೆ

ಪ್ರೀತಿಯ ಪುಟ್ಟಿ,

ನಿನ್ನ ಪ್ರೋಗ್ರಾಂ ತಿಂಗಳ ಕೊನೆಯ ತಾರೀಖು ಕೊಟ್ಟಾಗಲೆಲ್ಲ ತಪ್ಪು ಉತ್ತರ ಕೊಡುತ್ತಿದೆ ಅಂತ ಬರೆದಿದ್ದೀಯ. ಅದರ ಜೊತೆಗೆ, "ಮಾಡಿದ್ದನ್ನೆಲ್ಲ ಬಿಚ್ಚಿ ಮತ್ತೆ ಶುರು ಮಾಡೋಕೆ ಮನಸ್ಸೇ ಬರ್ತಿಲ್ಲಪ್ಪ" ಅಂದೆಯಲ್ಲ, ನಾನು ಈ ಪತ್ರ ಬರೆಯಲು ಕೂತಿದ್ದು ಆ ಮಾತಿಗೆ. ಕೋಡಿಂಗ್ ನನಗೆ ಬರುವುದಿಲ್ಲ, ಸಿಕ್ಕಿಹಾಕಿಕೊಂಡು ಒದ್ದಾಡುವುದು ಚೆನ್ನಾಗಿ ಗೊತ್ತು.

ಹುಲಿ, ಮೇಕೆ, ಹುಲ್ಲಿನ ಹೊರೆಯ ಒಗಟು ನೆನಪಿದೆಯಲ್ವಾ? ಮೂರನ್ನೂ ಹೊಳೆ ದಾಟಿಸಬೇಕು, ದೋಣಿಯಲ್ಲಿ ನಿನ್ನ ಜೊತೆ ಒಂದಕ್ಕೇ ಜಾಗ. ನೀನಿಲ್ಲದಾಗ ಹುಲಿ ಮೇಕೆಯನ್ನು ತಿನ್ನುತ್ತೆ, ಮೇಕೆ ಹುಲ್ಲನ್ನು ತಿನ್ನುತ್ತೆ. ಮೊದಲು ಮೇಕೆಯನ್ನು ದಾಟಿಸಬೇಕು, ಅದು ಯಾರಿಗಾದರೂ ಹೊಳೆಯುತ್ತೆ. ಆಮೇಲೆ ಹುಲಿಯನ್ನು ಒಯ್ದರೆ ಅದು ಆಚೆ ದಡದಲ್ಲಿ ಮೇಕೆಯನ್ನು ತಿನ್ನುತ್ತೆ. ಹುಲ್ಲನ್ನು ಒಯ್ದರೆ ಮೇಕೆ ಅದನ್ನು ಮೇಯುತ್ತೆ. ಜನ ಇಲ್ಲೇ ತಲೆ ಕೆರೆದುಕೊಂಡು ಕೂರುತ್ತಾರೆ. ಹುಲಿಯನ್ನು ಬಿಟ್ಟು ಬರುವಾಗ ಮೇಕೆಯನ್ನು ವಾಪಸ್ ದೋಣಿಗೆ ಹತ್ತಿಸಿಕೊಂಡರೆ ದಾರಿ ಬಿಡಿಸಿಕೊಳ್ಳುತ್ತೆ. ಹಾಗೆ ಮಾಡಬೇಡ ಅಂತ ಒಗಟಿನಲ್ಲಿ ಎಲ್ಲೂ ಹೇಳಿಲ್ಲ. ಒಮ್ಮೆ ದಾಟಿಸಿದ್ದನ್ನು ಯಾಕೆ ಹಿಂದೆ ತರಬೇಕು ಅಂತ ಮನಸ್ಸೇ ತಡೆಯುತ್ತೆ. ಇಂಥ ದೋಣಿ ಒಗಟುಗಳನ್ನು ಇಟ್ಟುಕೊಂಡು ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿದ್ದಾರೆ. ದಾಟಿದವರನ್ನು ಹಿಂದಕ್ಕೆ ಕರೆತರುವ ಹೆಜ್ಜೆಯಲ್ಲೇ ಜನ ಜಾಸ್ತಿ ತಡವರಿಸುತ್ತಾರೆ. ಗುರಿಗೆ ಹತ್ತಿರವಾಗುತ್ತಿದ್ದೇವೆ ಅನ್ನಿಸುವ ಹೆಜ್ಜೆಯನ್ನೇ ನಾವು ಆರಿಸಿಕೊಳ್ಳುವುದು. ಬಹಳ ಸಲ ಅದು ಒಳ್ಳೆಯ ಉಪಾಯವೇ. ಕೈಕೊಡುವುದು ಮಾತ್ರ ಇಂಥ ಕಡೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಚಾಳಿಯೂ ಇದೆ. 1960ರಲ್ಲಿ ಪೀಟರ್ ವೇಸನ್ ಅನ್ನುವ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗವನ್ನು ಪ್ರಕಟಿಸಿದ. 2, 4, 6 ನನ್ನ ನಿಯಮಕ್ಕೆ ಹೊಂದುತ್ತೆ, ನಿಯಮ ಏನು ಅಂತ ಕಂಡುಹಿಡಿಯಿರಿ ಅಂದ. ನೀವು ಯಾವುದೇ ಮೂರು ಸಂಖ್ಯೆ ಹೇಳಿ, ಹೊಂದುತ್ತೋ ಇಲ್ವೋ ಹೇಳ್ತೀನಿ ಅಂದ. ಬಹಳ ಜನ 8, 10, 12 ಥರದ್ದನ್ನೇ ಕೇಳಿದರು. ಹೌದು. 20, 22, 24? ಹೌದು. "ಎರಡೆರಡು ಹೆಚ್ಚುತ್ತಾ ಹೋಗಬೇಕು" ಅಂತ ಧೈರ್ಯವಾಗಿ ಹೇಳಿಬಿಟ್ಟರು. ತಪ್ಪು! ನಿಯಮ ಇದ್ದದ್ದು ಇಷ್ಟೇ: ಸಂಖ್ಯೆಗಳು ಏರುತ್ತಾ ಹೋಗಬೇಕು. 1, 2, 50 ಅಂತ ಒಂದು ಸಲ ಕೇಳಿದ್ದರೆ ಸಾಕಿತ್ತು, ಅದಕ್ಕೂ ಹೌದು ಅಂತ ಬಂದು ಎರಡೆರಡರ ಊಹೆ ಬಿದ್ದುಹೋಗುತ್ತಿತ್ತು. ಇಲ್ಲ ಅನ್ನಿಸಿಕೊಳ್ಳಬಹುದಾದ ಪ್ರಶ್ನೆ ಕೇಳೋಕೆ ಯಾರಿಗೆ ತಾನೇ ಇಷ್ಟ? ಓದಿದವರು, ದೊಡ್ಡ ಹುದ್ದೆಯವರು ಇದರಿಂದ ಪಾರು ಅಂತ ನನಗೇನೂ ಅನ್ನಿಸಿಲ್ಲ. ಮೀಟಿಂಗುಗಳಲ್ಲಿ ದಿನಾ ನೋಡ್ತೀನಿ.

ನಿನ್ನ ಪತ್ರ ಓದುವಾಗ ನನಗೆ ಇದೇ ತಲೆಗೆ ಬಂತು. ತಿಂಗಳ ಕೊನೆಯನ್ನು ಲೆಕ್ಕ ಹಾಕುವ ಭಾಗದಲ್ಲೇ ತಪ್ಪಿದೆ ಅಂತ ನೀನು ತೀರ್ಮಾನಿಸಿದ್ದೀಯ. ಅದಕ್ಕೇ ತಿಂಗಳ ಕೊನೆಯ ದಿನಗಳನ್ನೇ ಕೊಟ್ಟು ಕೊಟ್ಟು ನೋಡುತ್ತಿದ್ದೀಯ. ಪ್ರತಿ ಸಲ ತಪ್ಪು ಬರುತ್ತೆ, ನಿನ್ನ ಊಹೆ ಇನ್ನಷ್ಟು ಗಟ್ಟಿಯಾಗುತ್ತೆ. ತಿಂಗಳ ನಡುವಿನ ತಾರೀಖು ಕೊಟ್ಟು ನೋಡಿದೆಯಾ? ಅಲ್ಲೂ ತಪ್ಪೇ ಬಂದರೆ, ನೀನು ಮತ್ತೆ ಮತ್ತೆ ತಿದ್ದುತ್ತಿರುವ ಭಾಗ ಸರಿಯಾಗಿಯೇ ಇರಬಹುದು. ಆಗ ಅಲ್ಲಿ ಹೊಸದಾಗಿ ಸೇರಿಸಿದ್ದನ್ನೆಲ್ಲ ತೆಗೆದುಹಾಕಬೇಕಾಗುತ್ತೆ. ಬೇಜಾರಾಗುತ್ತೆ, ಗೊತ್ತು. ಹಳೆಯದನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೋ, ಮನಸ್ಸಿಗೆ ಸಮಾಧಾನ.

ಇವತ್ತು ರಾತ್ರಿ ಇದೊಂದನ್ನೇ ಮಾಡು, ಬೇರೇನೂ ಮುಟ್ಟಬೇಡ. 15ನೇ ತಾರೀಖು ಹಾಕಿದರೆ ಏನು ಬಂತು ಅಂತ ಫೋನ್ ಮಾಡು. ಎಷ್ಟೊತ್ತಾದರೂ ಪರವಾಗಿಲ್ಲ, ಎದ್ದಿರ್ತೀನಿ.

ನಿನ್ನ
ಅಪ್ಪ