ಹಳೇ ಪಿಸ್ತೂಲಿನ ಫೋಟೊ ಹಾಕುವ ಮುಂಚೆ

ಎಲ್ಲರಿಗೂ ನಮಸ್ಕಾರ. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಪಿಸ್ತೂಲಿನ ಫೋಟೊ ಹಾಕಿ ‘ಇದು ಯಾವುದು?’ ಅಂತ ಕೇಳುವವರು ದಯವಿಟ್ಟು ಗಮನಿಸಿ.

ಒಳಗೆ ಮದ್ದಿದೆ ಎಂದುಕೊಂಡೇ ಮುಟ್ಟಿ. ಕರಿಮದ್ದು ಒಣಗಿದ್ದರೆ ನೂರು ವರ್ಷವಾದರೂ ಹೊತ್ತಿಕೊಳ್ಳುತ್ತೆ. ಮುಖ ಪಕ್ಕಕ್ಕಿಟ್ಟು, ಮರದ ಕಡ್ಡಿಯನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಆ ಗುರುತು ಬಾಯಿಗೆ ಸರಿಹೊಂದುವಂತೆ ಕಡ್ಡಿಯನ್ನು ನಳಿಗೆಯ ಹೊರಗಿಟ್ಟು ಹೋಲಿಸಿ. ಕಿಡಿ ಹೋಗುವ ತೂತಿಗಿಂತ ಎರಡು ಬೆರಳು ಮೊದಲೇ ಕಡ್ಡಿ ನಿಂತಿದ್ದರೆ ಒಳಗೇನೋ ಇದೆ. ಕೆದಕಬೇಡಿ, ಬಲ್ಲವರಿಗೆ ಒಪ್ಪಿಸಿ.

ಚಕಮಕಿ ಕಲ್ಲು ಕಚ್ಚುವ ದವಡೆಯೋ, ಕೇಪು (ಬಡಿದರೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ಕೂರಿಸುವ ನಿಪ್ಪಲ್ ಎಂಬ ಸಣ್ಣ ಕೊಳವೆಯೋ, ಹತ್ತಿರದಿಂದ ತೋರಿಸಿ. ಕೇಪು ಬಳಕೆಗೆ ಬಂದದ್ದು 1820ರ ಆಸುಪಾಸು. ಆದರೆ ಚಕಮಕಿಯವನ್ನೇ ಆಮೇಲೆ ಕೇಪಿಗೆ ಬದಲಾಯಿಸಿದ್ದೂ ಉಂಟು, ಅಲ್ಲೇ ಎಲ್ಲರೂ ಮೋಸಹೋಗೋದು.

ನಳಿಗೆಯ ಮೇಲಿನ ಮುದ್ರೆಗಳೇ ಮುಖ್ಯ. ಮೊಟ್ಟೆಯಾಕಾರದೊಳಗೆ ‘ಇಎಲ್‌ಜಿ’ (ELG) ಇದ್ದರೆ ನಳಿಗೆ ಗಟ್ಟಿಯಿದೆಯೇ ಅಂತ ಬೆಲ್ಜಿಯಂನ ಲಿಯೇಜ್‌ನಲ್ಲಿ ಪರೀಕ್ಷೆಯಾದದ್ದು. ಮೇಲೆ ಕಿರೀಟವೂ ಇದ್ದರೆ ಆ ಮುದ್ರೆ 1893ರಿಂದೀಚಿನದು. ‘ಟವರ್’ (TOWER, ಅಂದರೆ ಲಂಡನ್ ಟವರ್ ಕೋಟೆಯ ಹೆಸರು) ಎಂದು ಕೆತ್ತಿದ್ದನ್ನು ಮಾತ್ರ ನೋಡಿ ಬ್ರಿಟಿಷ್ ಸೇನೆಯದು ಅನ್ನಬೇಡಿ, ನಕಲು ಬೇಕಾದಷ್ಟಿವೆ.

ಮುದ್ರೆ ಕಾಣಲಿ ಅಂತ ಉಪ್ಪುಕಾಗದ ಹಾಕಿ ಉಜ್ಜಬೇಡಿ ಮಾರಾಯ್ರೆ! ಓರೆಯಾಗಿ ಟಾರ್ಚ್ ಬಿಟ್ಟರೆ ಅಕ್ಷರ ತಾನಾಗೇ ಎದ್ದು ಕಾಣುತ್ತೆ.