ಔಷಧಿ ಕ್ಯಾನುಗಳನ್ನು ಕೆರೆಯಲ್ಲಿ ತೊಳೆಯದಿರುವ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ, ನಮಸ್ಕಾರಗಳು.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟು ನಾಟಿ ಮುಗಿಯುತ್ತಿದ್ದಂತೆ ಊರಿನಲ್ಲಿ ಬೆಳೆಗಳಿಗೆ ಕೀಟನಾಶಕ ಔಷಧಿ ಹೊಡೆಯುವ ಕೆಲಸ ಶುರುವಾಗಿದೆ. ಅದರ ಜೊತೆಗೇ, ಶಾಲೆಯ ಹಿಂದಿನ ಕೆರೆಯ ಸೋಪಾನದ ಮೇಲೆ ಔಷಧಿ ಹೊಡೆಯುವ ಕ್ಯಾನುಗಳನ್ನು ತೊಳೆದು ಖಾಲಿ ಬಾಟಲಿಗಳನ್ನು ಅಲ್ಲಿಯೇ ಬಿಸಾಡುವುದೂ ನಡೆದಿದೆ. ಕಳೆದ ವಾರ ಎರಡನೇ ತರಗತಿಯ ಮಗುವೊಂದು ಅಂಥ ಬಾಟಲಿಯಲ್ಲಿ ನೀರು ತುಂಬಿ ಶಾಲೆಯ ಗಿಡಗಳಿಗೆ ಹಾಕುತ್ತಿತ್ತು. ಬಾಟಲಿಯ ಮೇಲೆ ಕೆಂಪು ತ್ರಿಕೋನವಿತ್ತು. ಮುಚ್ಚಳದ ಒಳಗೆ ಔಷಧಿ ಇನ್ನೂ ಅಂಟಿಕೊಂಡಿತ್ತು. ಕೂಡಲೇ ಸೋಪು ಹಾಕಿ ಕೈ ತೊಳೆಸಿದೆವು, ಮಗು ಆರೋಗ್ಯವಾಗಿದೆ.

ಕೆಂಪು ಎಂದರೆ ಅತ್ಯಂತ ತೀವ್ರ ವಿಷ. ಹಳದಿ, ನೀಲಿ, ಹಸಿರು ಬಣ್ಣಗಳಲ್ಲಿ ತೀವ್ರತೆ ಕ್ರಮವಾಗಿ ಇಳಿಯುತ್ತದೆಯೇ ಹೊರತು ಹಸಿರೂ ನಿರಪಾಯವಲ್ಲ. ತರಕಾರಿ ಬೆಳೆಗೆ ಹೊಡೆಯುವ ಸೈಪರ್‌ಮೆಥ್ರಿನ್ ಲೀಟರ್ ನೀರಿಗೆ ಕೆಲವೇ ಮೈಕ್ರೋಗ್ರಾಂನಷ್ಟು ಸೇರಿದರೂ ಮೀನುಗಳನ್ನು ಕೊಲ್ಲಬಲ್ಲದು. ಸೊಳ್ಳೆಮರಿಗಳನ್ನು ತಿನ್ನುವ ಮೀನು ಮತ್ತು ಏರೋಪ್ಲೇನ್ ಚಿಟ್ಟೆಯ ಮರಿಗಳು ಸತ್ತರೆ ಕೆರೆಯಲ್ಲಿ ಹೆಚ್ಚುವುದು ಸೊಳ್ಳೆಗಳೇ.

ನೀರನ್ನು ಕುದಿಸಿ ಕುಡಿದರಾಯಿತು ಎಂದು ಹಲವರು ಹೇಳುತ್ತಾರೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ ನಿಜ, ಆದರೆ ಯೂರಿಯಾದಂಥ ಗೊಬ್ಬರದಿಂದ ಅಂತರ್ಜಲಕ್ಕೆ ಇಳಿದು ಬೋರ್‌ವೆಲ್ ಸೇರುವ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಮಾನದಂಡ. ಅದು ಹೆಚ್ಚಾದ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸಿದರೆ ಎಳೆಗೂಸುಗಳ ರಕ್ತ ಆಮ್ಲಜನಕವನ್ನು ಸರಿಯಾಗಿ ಒಯ್ಯಲಾರದು. ಮನೆಯಲ್ಲಿ ಹಸುಗೂಸು ಇರುವವರು ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಬೇಕೆಂದು ವಿಶೇಷವಾಗಿ ಕೋರುತ್ತೇನೆ.

ಬೆಳೆ ಉಳಿಸಿಕೊಳ್ಳುವ ಕಷ್ಟ ನನಗೆ ತಿಳಿಯದ್ದಲ್ಲ, ಔಷಧಿಯನ್ನೇ ಬಿಡಿ ಎಂದು ನಾನು ಹೇಳುತ್ತಿಲ್ಲ. ಔಷಧಿ ಬೆರೆಸುವಾಗಲೇ ಖಾಲಿ ಬಾಟಲಿಯನ್ನು ಮೂರು ಸಲ ತೊಳೆದು, ಆ ನೀರನ್ನು ಕ್ಯಾನಿಗೇ ಸುರಿದು ಬೆಳೆಗೆ ಹೊಡೆಯಿರಿ. ಕೊಂಡ ಔಷಧಿಯೂ ವ್ಯರ್ಥವಾಗುವುದಿಲ್ಲ. ಕ್ಯಾನನ್ನು ಕೆರೆ, ಬಾವಿ, ನಾಲೆಗಳಿಂದ ದೂರದಲ್ಲಿ, ಹೊಲದಲ್ಲಿಯೇ ತೊಳೆಯಿರಿ. ಬಾಟಲಿಯನ್ನು ಮತ್ತೆ ಯಾರೂ ಬಳಸದಂತೆ ತೂತು ಮಾಡಿ. ಸುಡಬೇಡಿ, ಆ ಹೊಗೆಯೂ ವಿಷವೇ. ಈ ಯಾವ ಕೆಲಸಕ್ಕೂ ಮಕ್ಕಳನ್ನು ಕಳುಹಿಸಲೇಬೇಡಿ.

ತೂತು ಮಾಡಿದ ಬಾಟಲಿಗಳನ್ನು ಎಲ್ಲಿಗೆ ಒಪ್ಪಿಸಬೇಕೆಂಬುದನ್ನು ತಿಳಿಸಲು ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳನ್ನು ಮುಂದಿನ ಶನಿವಾರ ಬೆಳಿಗ್ಗೆ ನಡೆಯುವ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಆಹ್ವಾನಿಸಿದ್ದೇವೆ. ಅಲ್ಲಿಯವರೆಗೆ ಅವುಗಳನ್ನು ಚೀಲದಲ್ಲಿ ಕಟ್ಟಿ ಮಕ್ಕಳ ಕೈಗೆ ಸಿಗದಂತೆ ಇಟ್ಟಿರಿ. ಮನೆಯಲ್ಲಿ ಔಷಧಿ ಹೊಡೆಯುವವರು ಯಾರೋ ಅವರೇ ಸಭೆಗೆ ಬರಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು